ನಾನು ತಿದ್ದಿದ ಸಾಲು

ಆ ಬೆಳಿಗ್ಗೆ ನಾನು ಮುಟ್ಟಿದ್ದು ಒಂದೇ ಸಾಲು. ಎರಡು ಅಕ್ಷರಗಳ ಜಾಗ ಅದಲುಬದಲು ಮಾಡಿದೆ, ಅಷ್ಟೆ. ಮಗಳು ಸ್ನಾನಕ್ಕೆ ಹೋಗಿದ್ದಳು. ಅವಳ ಗ್ರಾಫಿಂಗ್ ಕ್ಯಾಲ್ಕುಲೇಟರ್ ಅಡುಗೆಮನೆಯ ಕೌಂಟರ್ ಮೇಲೆ, ಉಪ್ಪಿಟ್ಟಿನ ಬಾಣಲೆಯ ಪಕ್ಕದಲ್ಲಿತ್ತು.

ಹಿಂದಿನ ಸಂಜೆ, ಅದರಲ್ಲಿ ತಾನು ಬರೆದಿದ್ದ ಪ್ರೋಗ್ರಾಮನ್ನು ಅವಳೇ ನನಗೆ ತೋರಿಸಿದ್ದಳು. ತೋರಿಸಿದ್ದೇ ದೊಡ್ಡ ವಿಷಯ. ಎಂಟನೇ ಗ್ರೇಡಿನಲ್ಲಿದ್ದಾಗ ಅವಳ ಸೈನ್ಸ್ ಚಾರ್ಟನ್ನು ಸ್ವಲ್ಪ ನೀಟ್ ಮಾಡುತ್ತೇನೆಂದು ಕೂತವಳು ಇಡೀ ಚಾರ್ಟನ್ನೇ ಮತ್ತೆ ಬರೆದಿದ್ದೆ. ಟೀಚರ್ ಅವಳನ್ನು ಪಕ್ಕಕ್ಕೆ ಕರೆದು, ಇದು ಯಾರ ಕೈಬರಹ ಎಂದು ಕೇಳಿದ್ದರಂತೆ. ಆಮೇಲೆ ಮೂರು ವರ್ಷ ಅವಳ ಶಾಲೆಯ ಒಂದು ಹಾಳೆಯೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಅಮ್ಮಾ, ಜಸ್ಟ್ ಲುಕ್. ಡೋಂಟ್ ಫಿಕ್ಸ್ ಎನಿಥಿಂಗ್."

"ನಾನ್ಯಾಕೆ ಮುಟ್ಟಲಿ?" ಎಂದೆ.

ಪುಟ್ಟ ಪರದೆಯ ಮೇಲೆ ನದಿ ದಾಟಿಸುವ ಹೋಬೋಕನ್ನಿನ ಫೆರಿ ದೋಣಿಯ ಚಿತ್ರ ಮೂಡಿತು. ಒಂಬತ್ತು ಬಿಂದುಗಳು, ಅವುಗಳ ನಡುವೆ ಗೆರೆಗಳು. ಬಿಂದುಗಳನ್ನೆಲ್ಲ ಒಂದು ಮ್ಯಾಟ್ರಿಕ್ಸಿನಲ್ಲಿ, ಅಂದರೆ ಅಂಕಿಗಳ ಚೌಕಟ್ಟಿನಲ್ಲಿ, ತುಂಬಿದ್ದಳು. ಅದನ್ನು ಇನ್ನೊಂದು ಮ್ಯಾಟ್ರಿಕ್ಸಿನಿಂದ ಗುಣಿಸಿದರೆ ದೋಣಿ ತೊಂಬತ್ತು ಡಿಗ್ರಿ ತಿರುಗುತ್ತಿತ್ತು. ಮತ್ತೊಂದರಿಂದ ಗುಣಿಸಿದರೆ ಐದು ಚೌಕ ಬಲಕ್ಕೆ ಸರಿಯುತ್ತಿತ್ತು. ಮಾರನೇ ದಿನ ಊಟದ ವಿರಾಮದ ನಂತರ ಇದನ್ನು ಕ್ಲಾಸಿನ ಮುಂದೆ ನಡೆಸಿ ತೋರಿಸಬೇಕಿತ್ತು. ಕೊನೆಯ ಭಾಗವನ್ನು ಮಾತ್ರ ನನಗೆ ತೋರಿಸಲಿಲ್ಲ. "ದಟ್ಸ್ ದ ಸರ್‌ಪ್ರೈಸ್," ಎಂದಳು.

"ರೆಕಾರ್ಡಲ್ಲಿ ಬರ್ಕೊಂಡಿದೀಯ ತಾನೇ?" ಎಂದು ಕೇಳಿದೆ. ಮೈಸೂರಿನಲ್ಲಿ ನಾನು ಎಂಜಿನಿಯರಿಂಗ್ ಓದುವಾಗ ರೆಕಾರ್ಡ್ ಪುಸ್ತಕವಿಲ್ಲದವರನ್ನು ಲ್ಯಾಬಿನೊಳಗೆ ಬಿಡುತ್ತಿರಲಿಲ್ಲ. ಗೆರೆ ಹಾಕಿದ ಬಲಪುಟದಲ್ಲಿ ಕೈಯಲ್ಲಿ ಬರೆದ ಪ್ರೋಗ್ರಾಮ್, ಖಾಲಿ ಎಡಪುಟದಲ್ಲಿ ಪೆನ್ಸಿಲಿನಲ್ಲಿ ಅದರ ಫಲಿತಾಂಶ, ಕೆಳಗೆ ಮೇಡಂ ಸಹಿ. ಮಗಳಿಗೂ ಅದನ್ನೇ ಹಿಂಸೆ ಮಾಡಿ ಕಲಿಸಿದ್ದೆ.

"ಬರ್ದಿದೀನಿ. ಹೂ ರೈಟ್ಸ್ ಕೋಡ್ ಬೈ ಹ್ಯಾಂಡ್, ಅಮ್ಮಾ? ಮ್ಯೂಸಿಯಂ ಜನ."

ಮತ್ತೆ ಬೆಳಿಗ್ಗೆಗೆ ಬರುತ್ತೇನೆ. ಒಲೆ ಆರಿಸಿ ಕ್ಯಾಲ್ಕುಲೇಟರ್ ಕೈಗೆತ್ತಿಕೊಂಡೆ, ಓದುವುದಕ್ಕೆಂದೇ. ಕೊನೆಯಲ್ಲಿ ಎರಡು ಸಾಲು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಮೊದಲನೆಯದರಲ್ಲಿ ಸರಿಸುವ ಮ್ಯಾಟ್ರಿಕ್ಸ್ ಮುಂದೆ, ತಿರುಗಿಸುವುದು ಹಿಂದೆ. ಎರಡನೆಯದರಲ್ಲಿ ಉಲ್ಟಾ. ಬೇರೆಯವರ ಪ್ರೋಗ್ರಾಮಿನಲ್ಲಿ ಇಂಥ ತಪ್ಪುಗಳನ್ನು ಹುಡುಕುವುದೇ ಆಫೀಸಿನಲ್ಲಿ ನನ್ನ ಕೆಲಸ. ಯೋಚಿಸುವ ಮೊದಲೇ ಹೆಬ್ಬೆರಳು ಎರಡನೆಯ ಸಾಲನ್ನು ಮೊದಲನೆಯದರಂತೆ ಮಾಡಿತ್ತು. ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಕ್ಯಾಲ್ಕುಲೇಟರನ್ನು ಇದ್ದಲ್ಲೇ ಇಟ್ಟೆ. ಒಮ್ಮೆ ನಡೆಸಿ ನೋಡಲೂ ಇಲ್ಲ.

ನಮ್ಮ ಮನೆಯಿರುವ ಪ್ರಿನ್ಸ್‌ಟನ್ನಿನಿಂದ ಆಫೀಸಿಗೆಂದು ರೈಲಿನಲ್ಲಿ ಬಂದು ಮ್ಯಾನ್‌ಹ್ಯಾಟನ್ನಿನಲ್ಲಿ ಇಳಿದು ರಸ್ತೆಗೆ ಬಂದಾಗ, ನಮ್ಮ ಕಡೆಯವರಂತೆ ಕಂಡ ಹಿರಿಯರೊಬ್ಬರು ವಿಳಾಸದ ಚೀಟಿ ಹಿಡಿದು ದಾರಿ ಕೇಳಿದರು. "ಎಡಕ್ಕೆ ತಿರುಗಿ, ಎರಡು ಬ್ಲಾಕ್ ಹೋಗಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಹತ್ತು ಹೆಜ್ಜೆ ಹೋದ ಮೇಲೆ ತಪ್ಪು ಹೊಳೆಯಿತು. ಎರಡು ಬ್ಲಾಕ್ ಹೋದ ಮೇಲೆ ಎಡಕ್ಕೆ ತಿರುಗಬೇಕಿತ್ತು. ಓಡಿಹೋಗಿ ಸರಿ ದಾರಿ ಹೇಳಿದೆ. ಅವರು ಹೋದರು. ನಾನು ಅಲ್ಲೇ ನಿಂತುಬಿಟ್ಟೆ.

ಮೊದಲು ತಿರುಗಿ ಆಮೇಲೆ ನಡೆದರೆ ಒಂದು ಕಡೆ ತಲುಪುತ್ತೇವೆ, ಮೊದಲು ನಡೆದು ಆಮೇಲೆ ತಿರುಗಿದರೆ ಇನ್ನೊಂದು ಕಡೆ. ಆ ಎರಡನೆಯ ಸಾಲು ತಪ್ಪಾಗಿರಲಿಲ್ಲ. ಅವಳ ಸರ್‌ಪ್ರೈಸ್ ಅದೇ ಆಗಿತ್ತು: ಕ್ರಮ ಬದಲಾದರೆ ದೋಣಿ ಬೇರೆ ಕಡೆ ಹೋಗಿ ನಿಲ್ಲುತ್ತದೆ. ಈಗ ಎರಡನೆಯ ದೋಣಿ ಮೊದಲನೆಯದರ ಮೇಲೇ ಮೂಡಿ, ಇಡೀ ಕ್ಲಾಸಿಗೆ ಒಂದೇ ದೋಣಿ ಕಾಣುವುದರಲ್ಲಿತ್ತು.

ಶಾಲೆ ಬಿಡುವವರೆಗೆ ಮಕ್ಕಳ ಫೋನು ಲಾಕರಿನಲ್ಲಿರುತ್ತದೆ. ಮನೆಯಿಂದಲೇ ಕೆಲಸ ಮಾಡುವ ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಮತ್ತೆ ಶುರು ಮಾಡ್ದ್ಯಾ? ಚಾರ್ಟ್ ಆಯ್ತು, ಈಗ ಕ್ಯಾಲ್ಕುಲೇಟರಾ?"

"ಸ್ಕೂಲಿಗೆ ಹೋಗಿ ಹೇಳಕ್ಕಾಗತ್ತೇನ್ರೀ?"

"ಏನಂತ ಹೇಳ್ಲಿ? ನನ್ನ ಹೆಂಡ್ತಿ ಕೈ ಸುಮ್ನಿರಲ್ಲ ಅಂತಾನಾ?" ಆಮೇಲೆ ಅವರ ದನಿ ಇಳಿಯಿತು. "ನಾನು ಹೋದ್ರೆ ಅವಳಿಗೆ ಇನ್ನೂ ಅವಮಾನ ಕಣೇ. ಸಂಜೆ ನೀನೇ ಹೇಳು."

ಆ ಮಧ್ಯಾಹ್ನದ ಮೀಟಿಂಗಿನಲ್ಲಿ ಯಾರು ಏನು ಹೇಳಿದರೋ ನೆನಪಿಲ್ಲ. ಕಾಫಿ ಲೋಟದ ಮುಚ್ಚಳವನ್ನು ತೆಗೆಯುತ್ತ, ಮತ್ತೆ ಹಾಕುತ್ತ ಇದ್ದದ್ದು ನೆನಪಿದೆ. ಬೇಗ ಹೊರಟು, ಸ್ಟೇಷನ್ನಿನಿಂದ ನೇರ ಅವಳ ಶಾಲೆಗೆ ಡ್ರೈವ್ ಮಾಡಿದೆ. ಅವಳು ಕಾರಿನೊಳಗೆ ಬಂದು ಬ್ಯಾಗನ್ನು ಕಾಲ ಬಳಿ ಹಾಕಿಕೊಂಡಳು.

"ಹೇಗಾಯ್ತು?"

"ಗೆಸ್ ವಾಟ್ ಹ್ಯಾಪೆನ್ಡ್. ಫಿಸಿಕ್ಸ್ ಟೆಸ್ಟ್ ಇತ್ತಲ್ಲ? ಎಲ್ಲರ ಕ್ಯಾಲ್ಕುಲೇಟರ್ ಮೆಮೊರಿನೂ ಕ್ಲಿಯರ್ ಮಾಡಿಸಿಬಿಟ್ರು."

ಪರೀಕ್ಷೆಗೆ ಮುಂಚೆ ಅದು ಅಲ್ಲಿನ ಪದ್ಧತಿ. ಒಳಗೆ ಉತ್ತರ ಬಚ್ಚಿಟ್ಟುಕೊಳ್ಳಬಾರದೆಂದು ಟೀಚರು ಒಂದೊಂದರ ಮೆಮೊರಿಯನ್ನೂ ಅಳಿಸುತ್ತಾ ಬರುತ್ತಾರೆ. ಅವಳ ಪ್ರೋಗ್ರಾಮ್ ಪೂರ್ತಿ ಹೋಗಿತ್ತು. ಅದರ ಜೊತೆಗೆ ನನ್ನ ತಿದ್ದುಪಡಿಯೂ.

"ಆಮೇಲೆ?"

"ಲಂಚಲ್ಲಿ ಕೂತು ಎಲ್ಲ ಮತ್ತೆ ಟೈಪ್ ಮಾಡ್ದೆ. ಫ್ರಮ್ ಯುವರ್ ಸ್ಟುಪಿಡ್ ರೆಕಾರ್ಡ್."

"ಎರಡು ದೋಣಿ ಬಂತಾ?"

"ಒಂದು ಬಲಕ್ಕೆ, ಒಂದು ಮೇಲೆ. ಎವ್ರಿಬಡಿ ವೆಂಟ್ ಓ!" ಮಾತು ತಟ್ಟನೆ ನಿಂತಿತು. "ಎರಡು ಅಂತ ನಿನಗೆ ಹೇಗೆ ಗೊತ್ತು?"

ಶಾಲೆಯ ಪಾರ್ಕಿಂಗಿನಲ್ಲೇ ಕಾರು ನಿಲ್ಲಿಸಿದೆ. ಏನೂ ಬಿಡದೆ ಹೇಳಿದೆ: ಬಾಣಲೆ, ಹೆಬ್ಬೆರಳು, ನೀರಿನ ಸದ್ದು, ದಾರಿ ಕೇಳಿದ ಹಿರಿಯರು.

"ದಟ್ ವಾಸ್ ದ ಹೋಲ್ ಪಾಯಿಂಟ್, ಅಮ್ಮಾ!"

"ಗೊತ್ತಾಯ್ತು. ಒಬ್ಬರಿಗೆ ತಪ್ಪು ದಾರಿ ಹೇಳಿದ್ಮೇಲೆ ಗೊತ್ತಾಯ್ತು."

ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಆಮೇಲೆ ಅವಳ ಭುಜ ಅಲುಗಿತು. ಅಳುತ್ತಿದ್ದಾಳೆಂದುಕೊಂಡೆ. "ಪೂರ್ ಅಂಕಲ್," ಎಂದಳು, ನಗು ತಡೆಯಲಾರದೆ.

ಮನೆಗೆ ಬಂದ ಮೇಲೆ ಕ್ಯಾಲ್ಕುಲೇಟರನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ರೆಕಾರ್ಡನ್ನು ಮಾತ್ರ ತಂದು ನನ್ನ ಮುಂದೆ ಬಿಚ್ಚಿಟ್ಟಳು. ಎಡಪುಟದಲ್ಲಿ ಪೆನ್ಸಿಲಿನ ಎರಡು ದೋಣಿಗಳು ಬೇರೆ ಬೇರೆ ಕಡೆ ನಿಂತಿದ್ದವು.

"ಸೈನ್ ಮಾಡು, ನಿಮ್ಮ ಮೇಡಂ ಥರ."

ನಾನು ಪೆನ್ ತೆಗೆದುಕೊಂಡೆ. ಅವಳು ಬಲಪುಟದ ಸಾಲುಗಳ ಮೇಲೆ ಅಂಗೈ ಅಗಲಿಸಿ ಇಟ್ಟಳು. "ಓನ್ಲಿ ಸೈನ್."

ಅವಳ ಕಿರುಬೆರಳಿನ ಕೆಳಗೆ ಉಳಿದಿದ್ದ ಜಾಗದಲ್ಲಿ ಸಹಿ ಹಾಕಿದೆ.