ತಿಳಿ ಯಾರಿಗೆ, ಅನ್ನ ಯಾರಿಗೆ

ಬಾವಿಯಿಂದ ಹದಿನಾರು ಕೊಡ ನೀರು ಸೇದುವುದು. ಒಲೆಯ ಬೂದಿ ಬಾಚಿ ಹೊರಗೆ ಹಾಕುವುದು. ಒಣಗಿದ ತೆಂಗಿನ ಮಡಲು ಮುರಿದು ಒಲೆಗಿಟ್ಟು, ಊದುಗೊಳವೆಯಲ್ಲಿ ಊದಿ ಉರಿ ಎಬ್ಬಿಸುವುದು. ಹತ್ತು ಮಂದಿಯ ಕುಚ್ಚಲಕ್ಕಿ ತೊಳೆದು ಹಂಡೆಗೆ ಹಾಕುವುದು. ಅದು ಬೇಯುವ ಹೊತ್ತಿನಲ್ಲಿ ಏಳು ಚಡ್ಡಿ, ಏಳು ಬನಿಯನುಗಳನ್ನು ಕಲ್ಲಿಗೆ ಬಡಿದು ಕೆಂಪು ಮಣ್ಣು ಬಿಡಿಸುವುದು. ಗಂಡಸರು ಮೈಗೆ ಹಚ್ಚಿಕೊಳ್ಳಲು ತೆಂಗಿನೆಣ್ಣೆ ಬಿಸಿ ಮಾಡಿ ಜಗಲಿಯಲ್ಲಿಡುವುದು. ಚಟ್ನಿಗೆ ಕಾಯಿ ತುರಿದು ಕಡೆಯುವುದು. ಮಗಳನ್ನು ಎಬ್ಬಿಸಿ ಚಿಮಿಣಿ ದೀಪದ ಎದುರು ಕೂರಿಸಿ, ಅವಳು ಓದುತ್ತಿರುವಾಗಲೇ ಹಿಂದೆ ನಿಂತು ಜಡೆ ಹಾಕುವುದು.

ಬೆಳಕು ಹರಿಯುವ ಮೊದಲು ಕಾಂತಿಗೆ ಇಷ್ಟು ಮುಗಿದಿರಬೇಕಿತ್ತು. ಎರಡು ವರ್ಷಗಳಿಂದ ಮುಗಿಯುತ್ತಿತ್ತು.

ಬಂಟ್ವಾಳದಲ್ಲಿ ಹೊಳೆಯ ಬದಿಗೆ ಒಂದು ಹೆಂಚಿನ ಕಾರ್ಖಾನೆ ಇತ್ತು. ಅದರ ಧಣಿಗಳಿಗೆ ಕಬಡ್ಡಿಯ ಹುಚ್ಚು. ಐವತ್ತೊಂಬತ್ತನೇ ಇಸವಿಯಲ್ಲಿ ಅವರು ಏಳು ಮಂದಿ ಆಳುಗಳನ್ನು ಮಣ್ಣು ತುಳಿಯುವ ಕೆಲಸದಿಂದ, ಹೆಂಚು ಸುಡುವ ಗೂಡಿಗೆ ಬೆಂಕಿ ಹಾಕುವ ಕೆಲಸದಿಂದ ಬಿಡಿಸಿ, ಅದೇ ಸಂಬಳಕ್ಕೆ ಆಡಲು ಹಚ್ಚಿದರು. ಆಟವೇ ಅವರ ಉದ್ಯೋಗ. ಕಾಂತಿಯ ಗಂಡ ಮುಂಡಪ್ಪ ಪ್ರಾಯದಲ್ಲಿ ಹೆಸರು ಮಾಡಿದ ಆಟಗಾರ, ಆಗ ಕಾರ್ಖಾನೆಯಲ್ಲಿ ಮೇಸ್ತ್ರಿ. ತಂಡವನ್ನು ಅವನ ಕೈಗೆ ಕೊಟ್ಟರು. ಊಟ ಅವನ ಮನೆಯಲ್ಲಿ ಎಂದು ನಿಶ್ಚಯವಾಯಿತು. ಅಕ್ಕಿ, ತೆಂಗಿನಕಾಯಿ ಕಾರ್ಖಾನೆಯಿಂದ ಬರುತ್ತಿತ್ತು. ಬೇಯಿಸುವವಳನ್ನು ಯಾರೂ ಕೇಳಲಿಲ್ಲ. ಕೇಳಬಹುದು ಎಂದು ಅವಳಿಗೂ ಆಗ ತೋಚಿರಲಿಲ್ಲ.

ಕಾಂತಿಯ ತಾಯಿಮನೆ ಮೂಡಬಿದಿರೆಯ ಹತ್ತಿರದ ಪುತ್ತಿಗೆ. ನಾಲ್ಕನೇ ಕ್ಲಾಸಿನಲ್ಲಿರುವಾಗ ಅಮ್ಮನಿಗೆ ಐದನೆಯ ಹೆರಿಗೆಯಾಯಿತು, ಮಗು ಎತ್ತಿಕೊಳ್ಳಲು ಒಂದು ಸೊಂಟ ಬೇಕಾಯಿತು. ಶಾಲೆ ಅಲ್ಲಿಗೆ ನಿಂತಿತು. ಹದಿನೇಳಕ್ಕೆ ಮದುವೆ. ಮೂರು ಬಸಿರಿನಲ್ಲಿ ಉಳಿದದ್ದು ಒಂದು, ಶಶಿಪ್ರಭಾ. ಈಗ ಎಂಟನೇ ಕ್ಲಾಸು.

ಕಬಡ್ಡಿಯಲ್ಲಿ ಎರಡು ಬಗೆಯ ಕೆಲಸ. ಒಬ್ಬ ಒಂದೇ ಉಸಿರಿನಲ್ಲಿ 'ಕಬಡಿ ಕಬಡಿ' ಎನ್ನುತ್ತ ಎದುರಿನವರ ಅಂಕಣಕ್ಕೆ ನುಗ್ಗಿ, ಯಾರನ್ನಾದರೂ ಮುಟ್ಟಿ, ಉಸಿರು ಬಿಡುವ ಮೊದಲು ಮರಳಬೇಕು. ಎದುರಿನವನು ಹಾಗೆ ಬಂದಾಗ ಉಳಿದವರು ಅವನ ಉಸಿರು ಮುಗಿಯುವ ತನಕ ಹಿಡಿದಿಡಬೇಕು. ಮುಂಡಪ್ಪ ಮೊದಲಿನವರನ್ನು 'ಹೋಗುವವರು' ಎನ್ನುತ್ತಿದ್ದ, ಎರಡನೆಯವರನ್ನು 'ಹಿಡಿಯುವವರು'. ಅವನ ತಂಡದಲ್ಲಿ ಹೋಗುವವರು ಮೂವರು, ಹಿಡಿಯುವವರು ನಾಲ್ವರು. ಜನ ಚಪ್ಪಾಳೆ ತಟ್ಟುವುದು ಹೋಗುವವರಿಗೆ. ಅವರಲ್ಲಿ ಅಣ್ಣು ಎಂಬವನ ಹೆಸರನ್ನು ಬೆಳ್ತಂಗಡಿಯ ಅಂಗಡಿಗಳಲ್ಲೂ ಹೇಳುತ್ತಿದ್ದರು. ಹಿಡಿಯುವವರಲ್ಲಿ ಅಂಕಣದ ಎಡಮೂಲೆಯಲ್ಲಿ ನಿಲ್ಲುವ ಧರ್ಣಪ್ಪನ ಹೆಸರು ಪಕ್ಕದ ಮನೆಗೂ ಗೊತ್ತಿರಲಿಲ್ಲ.

ಬಡಿಸುವುದಕ್ಕೂ ಮುಂಡಪ್ಪ ಕ್ರಮ ಮಾಡಿಟ್ಟಿದ್ದ. ಹೋಗುವವರಿಗೆ ಮೊದಲು, ಹಂಡೆಯ ತಳದಿಂದ ಗಟ್ಟಿ ಅನ್ನ, ಒಬ್ಬೊಬ್ಬರಿಗೆ ಒಂದೊಂದು ಬೇಯಿಸಿದ ಮೊಟ್ಟೆ. ಆಮೇಲೆ ಹಿಡಿಯುವವರಿಗೆ ಗಂಜಿಯ ತಿಳಿ, ಅದರಲ್ಲಿ ತೇಲುವಷ್ಟು ಅಗುಳು. "ನಿಂತಲ್ಲಿ ನಿಲ್ಲುವವನಿಗೆ ಎಂತಕ್ಕೆ ಅಷ್ಟು?" ಎನ್ನುತ್ತಿದ್ದ. ಅವರ ನಂತರ ಮುಂಡಪ್ಪ, ಆಮೇಲೆ ಶಶಿ. ಕಾಂತಿಗೆ ಹಂಡೆ ಕೆರೆದಾಗ ಸಿಕ್ಕಿದ್ದು.

ಮೊಟ್ಟೆ ಕೊಡುತ್ತಿದ್ದವಳು ಹಿಂದಿನ ಮನೆಯ ಬೀಬಿ.

"ಇಷ್ಟು ಮೊಟ್ಟೆ ಯಾರು ತಿನ್ನುವುದು ಕಾಂತಕ್ಕ?"

"ಹೋಗುವವರು."

"ಹೋಗುವವರು ಎಲ್ಲಿಗೆ ಹೋಗ್ತಾರೆ? ಗೆರೆ ದಾಟಿ ನಾಲ್ಕು ಹೆಜ್ಜೆ. ನಾನು ದಿನಾ ಪಾಣೆಮಂಗಳೂರಿಗೆ ನಡೆದು ಹೋಗಿ ಬರ್ತೇನೆ, ನನಗೆ ಯಾರೂ ಮೊಟ್ಟೆ ಕೊಡ್ಲಿಲ್ಲ. ನಿನಗೆ ಒಂದು?"

"ನಾನು ಮೊಟ್ಟೆ ತಿನ್ನುವುದಿಲ್ಲ."

"ತಿನ್ನುವುದಿಲ್ಲವೋ, ಸಿಗುವುದಿಲ್ಲವೋ?" ಬೀಬಿ ನಕ್ಕಳು. ಮತ್ತೆ ನಗು ನಿಲ್ಲಿಸಿ ಕೇಳಿದಳು, "ಹುಡುಗಿ ಶಾಲೆಗೆ ಹೋಗ್ತಾಳಲ್ಲ ಇನ್ನೂ? ನನ್ನವಳನ್ನು ಐದನೇ ಕ್ಲಾಸಿಗೇ ಬಿಡಿಸಿದರು. ಈಗ ಬೀಡಿ ಕಟ್ಟುತ್ತಾಳೆ. ಬೆರಳು ಚುರುಕುಂಟು, ಕಣ್ಣು ಹೋಗಿದೆ."

ಕಾಂತಿಯ ಅಡಿಗೆಮನೆಯ ಕಿಟಕಿ ಆಟದ ಅಂಗಳಕ್ಕೆ ಮುಖ ಮಾಡಿತ್ತು, ಕಡೆಯುವ ಕಲ್ಲು ಕಿಟಕಿಯ ಕೆಳಗಿತ್ತು. ಆಟ ನೋಡಬೇಕೆಂದು ಅವಳು ನೋಡಿದ್ದಲ್ಲ. ಎರಡು ವರ್ಷ ಅದೇ ಕಲ್ಲಿನ ಮುಂದೆ ಕೂತದ್ದರಿಂದ ಕಣ್ಣಿಗೆ ಬಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಣ್ಣು 'ಕಬಡಿ' ಎಂದು ಹೊರಟರೆ ಅವನ ಉಸಿರು ಮುಗಿಯುವಾಗ ಅವಳ ಗುಂಡುಕಲ್ಲು ಇಪ್ಪತ್ತೆರಡು ಸುತ್ತು ಸುತ್ತಿರುತ್ತಿತ್ತು. ಮಧ್ಯಾಹ್ನ ಉಂಡ ಮೇಲೆ ಆಡಿದರೆ ಹದಿನೈದಕ್ಕೇ ಮುಗಿಯುತ್ತಿತ್ತು. ಇದು ಅವಳಿಗೆ ಹೊಸ ವಿಷಯವೇನಲ್ಲ. ಹೊಟ್ಟೆ ತುಂಬಿದಾಗ ಊದುಗೊಳವೆಗೆ ಉಸಿರು ಸಾಲುವುದಿಲ್ಲ. ಉರಿ ಹೊತ್ತುವ ಮೊದಲೇ ತಲೆ ತಿರುಗುತ್ತದೆ. ಒಲೆ ಊದಿದ ಯಾವ ಹೆಂಗಸಿಗೂ ಅದು ಗೊತ್ತು. ಮುಂಡಪ್ಪ ಒಲೆ ಊದಿದವನಲ್ಲ.

ಧರ್ಣಪ್ಪನ ಕಷ್ಟ ಬೇರೆ. ರಾತ್ರಿ ತನ್ನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದ ಬೆಳಿಗ್ಗೆ ಅವನು ಹಿಡಿದ ಕಾಲು ಬಿಡುತ್ತಿರಲಿಲ್ಲ. ಬರೀ ತಿಳಿ ಕುಡಿದ ಮಧ್ಯಾಹ್ನ ಅವನನ್ನೇ ಎಳೆದುಕೊಂಡು ಗೆರೆ ದಾಟುತ್ತಿದ್ದರು.

ಅರವತ್ತೊಂದರಲ್ಲಿ ತಂಡ ಪೊಳಲಿಯಲ್ಲಿ ಸೋತಿತು, ಪುತ್ತಿಗೆಯಲ್ಲಿ ಸೋತಿತು. ಊಟದ ಹೊತ್ತಿಗೆ ಮುಂಡಪ್ಪ ಹೇಳಿದ:

"ನಮಗೆ ಹೋಗುವವರು ಸಾಲುವುದಿಲ್ಲ. ಬೆಳ್ತಂಗಡಿಯಲ್ಲೂ ಸೋತರೆ ಧಣಿಗಳು ಹೊರಗಿನಿಂದ ಇಬ್ಬರನ್ನು ತರಿಸ್ತಾರೆ."

"ಅವರ ಊಟ ಎಲ್ಲಿ?" ಕಾಂತಿ ಕೇಳಿದಳು.

"ಎಲ್ಲಿ ಅಂದರೆ? ಇಲ್ಲಿಯೇ. ಶಶಿ ಇದ್ದಾಳಲ್ಲ. ಎಂಟನೇ ಕ್ಲಾಸು ಧಾರಾಳ ಆಯ್ತು ಅವಳಿಗೆ. ನಿನ್ನ ಕೈಗೆ ಇನ್ನೊಂದು ಕೈ ಆಗ್ತದೆ."

ಒಳಗೆ ಶಶಿ ಗಟ್ಟಿಯಾಗಿ ಪಾಠ ಓದುತ್ತಿದ್ದಳು. ಓದು ನಿಂತಿತು.

ಕಾಂತಿ ಸೌಟು ಕೆಳಗಿಟ್ಟಳು. "ಹೋಗುವವರು ಸಾಲದ್ದಲ್ಲ. ಹೊಟ್ಟೆ ತುಂಬಿದರೆ ಅಣ್ಣುವಿಗೆ ಉಸಿರು ಬರುವುದಿಲ್ಲ. ಖಾಲಿ ಇದ್ದರೆ ಧರ್ಣಪ್ಪನ ಕಾಲು ನಿಲ್ಲುವುದಿಲ್ಲ. ಬಡಿಸುವುದನ್ನು ಒಮ್ಮೆ ತಿರುಗಿಸಿ ನೋಡುವ."

ಮುಂಡಪ್ಪ ಸಾಲಿನಲ್ಲಿ ಕೂತವರನ್ನು ನೋಡಿದ. "ಕೇಳಿದಿರಾ? ಇನ್ನು ಇವಳೇ ನಮ್ಮ ಮಾಸ್ಟ್ರು. ಒಂದು ಚಡ್ಡಿ ಕೊಡುವ, ಅಂಗಳಕ್ಕೆ ಇಳಿಯಲಿ."

"ಒಗೆಯುವುದೂ ಅವರೇ ಅಲ್ವಾ ಮುಂಡಪ್ಪಣ್ಣ," ಅಣ್ಣು ಹೇಳಿದ. "ಚಡ್ಡಿಗೆ ದೂರ ಹೋಗಬೇಕಂತ ಇಲ್ಲ."

ಎಲ್ಲರೂ ನಕ್ಕರು. ಧರ್ಣಪ್ಪ ಮಾತ್ರ ಬಟ್ಟಲು ಎತ್ತಿ ತಿಳಿ ಕುಡಿಯುತ್ತಿದ್ದ, ನಕ್ಕನೋ ಇಲ್ಲವೋ ಕಾಣಲಿಲ್ಲ. ಕಾಂತಿ ಎಂಜಲು ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟು ಬಾವಿಕಟ್ಟೆಗೆ ಹೋದಳು. ಬೇಸರವಾಗಬೇಕಿತ್ತು. ಆಗಲಿಲ್ಲ. ಬೂದಿ ಹಾಕಿ ಒಂಬತ್ತು ಬಟ್ಟಲು ತಿಕ್ಕಿದಳು.

ಬೆಳ್ತಂಗಡಿಗೆ ಹೋದದ್ದು ಕಾರ್ಖಾನೆಯ ಲಾರಿಯಲ್ಲಿ. ಅನ್ನದ ಹಂಡೆಯನ್ನು ಎರಡು ಕಾಲುಗಳ ನಡುವೆ ಹಿಡಿದುಕೊಂಡು ಕಾಂತಿ ಹಿಂದೆ ಕೂತಳು. ಶಾಲೆಯ ಹಿಂದಿನ ಜಗಲಿಯಲ್ಲಿ ಊಟ. ಬಡಿಸುವ ಹೊತ್ತಿಗೆ ಆಟಗಾರರ ಹೆಸರು ಬರೆಸಲೆಂದು ಮುಂಡಪ್ಪನನ್ನು ಕರೆದರು. ಅವನು ಮೂಲೆ ತಿರುಗಿದ. ಕಾಂತಿ ಹಂಡೆಯ ಮೇಲಿನಿಂದ ತಿಳಿ ತೆಗೆದು, ಬೆಲ್ಲದ ತುಂಡು ಹಾಕಿ, ಅಣ್ಣುವಿನ ಎದುರು ಇಟ್ಟಳು.

"ಎಂತ ಇದು ಕಾಂತಕ್ಕ? ನನಗೆ ಜ್ವರವಾ?"

"ಆಡಿ ಬನ್ನಿ. ನಿಮ್ಮ ಅನ್ನ ತೆಗೆದಿಡ್ತೇನೆ, ಮೊಟ್ಟೆಯೂ ಉಂಟು."

ಗಟ್ಟಿ ಅನ್ನ ಹಿಡಿಯುವವರಿಗೆ ಹೋಯಿತು. ಬಟ್ಟಲಿಗೆ ಬಿದ್ದ ಮೊಟ್ಟೆಯನ್ನು ಧರ್ಣಪ್ಪ ಮುಟ್ಟದೆ ಸ್ವಲ್ಪ ಹೊತ್ತು ನೋಡಿದ. ತಪ್ಪಿ ಬಿತ್ತೇನೋ ಎಂಬಂತೆ. ಆಮೇಲೆ ತಿಂದ.

ಆಟವನ್ನು ಅವಳು ನೋಡಲಿಲ್ಲ. ಜಗಲಿಯಲ್ಲಿ ತೆಂಗಿನ ನಾರು ಹಿಡಿದು ಹಂಡೆ ಉಜ್ಜುತ್ತಿದ್ದಳು. ಗೋಡೆಯಾಚೆ ಅಣ್ಣುವಿನ 'ಕಬಡಿ' ಕೇಳುತ್ತಿತ್ತು, ಕೈ ತನ್ನಷ್ಟಕ್ಕೆ ಸುತ್ತು ಎಣಿಸುತ್ತಿತ್ತು. ಇಪ್ಪತ್ತು. ಇಪ್ಪತ್ತೊಂದು. ನಡುವೆ ಮೂರು ಸಲ, ಎಡಮೂಲೆಯ ಕಡೆಯಿಂದ, ಎದುರಿನವನೊಬ್ಬನ 'ಕಬಡಿ' ನೆಲಕ್ಕೆ ಬಿದ್ದು ನಿಲ್ಲುವ ಸದ್ದು ಬಂತು.

ತಂಡ ಗೆದ್ದಿತು. ಹಿಂದಿರುಗಿ ಬರುವಾಗ ಲಾರಿಯಲ್ಲಿ ಮುಂಡಪ್ಪ ತಾನು ಹೇಗೆ ಆಡಿಸಿದೆ ಎಂದು ಹೇಳುತ್ತ ಬಂದ. ಅಣ್ಣು ತಿಳಿಯ ವಿಷಯ ಎತ್ತಲಿಲ್ಲ. ಗೆದ್ದದ್ದು ತನ್ನಿಂದ ಎಂದು ಊರು ಹೇಳುತ್ತಿರುವಾಗ ಅದನ್ನು ಯಾಕೆ ಎತ್ತಬೇಕು? ಇಬ್ಬರು ಬರುವುದು ತಪ್ಪಿತು ಎಂದು ಕಾಂತಿ ಲೆಕ್ಕ ಹಾಕಿದಳು. ಶಶಿ ಸೋಮವಾರ ಶಾಲೆಗೆ ಹೋದಳು.

ಆ ವಾರವೇ ಧಣಿಗಳು ಮನೆಯಂಗಳಕ್ಕೆ ಬಂದರು. ಬಹಳ ಖುಷಿಯಲ್ಲಿದ್ದರು. "ಮುಂಡಪ್ಪ, ಮೂಡಬಿದಿರೆಯ ಕಪ್ ಒಂದು ತಾ. ತಂದರೆ ಎರಡನೇ ತಂಡ ಕಟ್ಟುವ, ಇನ್ನೂ ಏಳು ಮಂದಿಯನ್ನು ಇಳಿಸುವ. ಎಲ್ಲರನ್ನೂ ನೀನೇ ನೋಡಿಕೋ, ಊಟ ಇಲ್ಲಿಯೇ." ಎದ್ದು ಹೊರಡುವಾಗ ಹೇಳಿದರು, "ಸೋತರೆ ಮಾತ್ರ ಸಾಕು ಮಾರಾಯ. ಎಲ್ಲರೂ ಗೂಡಿಗೆ ಹೋಗಿ. ಹೆಂಚು ಮಾಡುವುದಲ್ಲವಾ ನಮ್ಮ ಕೆಲಸ."

ಮುಂಡಪ್ಪ ಕೈಮುಗಿದ. ಅವರು ಹೋದ ಮೇಲೆ ಒಳಗೆ ಬಂದು ಹೇಳಿದ: "ಹದಿನೇಳು ಮಂದಿಗೆ ಈ ಹಂಡೆ ಸಾಲುವುದಿಲ್ಲ. ದೊಡ್ಡದು ಕಳಿಸ್ತಾರಂತೆ. ಶಶಿಗೆ ಕೊಡ ಹೊರುವುದು ಈಗಿನಿಂದಲೇ ಅಭ್ಯಾಸ ಮಾಡಿಸು."

ಬೆಳ್ತಂಗಡಿಯಲ್ಲಿ ಸೋತಿದ್ದರೆ ಇಬ್ಬರು ಬರುತ್ತಿದ್ದರು. ಇನ್ನೊಮ್ಮೆ ಗೆದ್ದರೆ ಏಳು ಮಂದಿ ಬರುತ್ತಾರೆ. ಕಾಂತಿ ಅಕ್ಕಿ ಆರಿಸುತ್ತ ಇದನ್ನು ಎರಡು ಸಲ ಯೋಚಿಸಿದಳು. ಮೂರನೆಯ ಸಲ ಯೋಚನೆ ಬರಲಿಲ್ಲ, ಕಲ್ಲು ಮಾತ್ರ ಕಾಣುತ್ತಿತ್ತು. ತೆಗೆದು ಹಾಕಿದಳು.

ಮೂಡಬಿದಿರೆಗೆ ಹೊರಡುವ ಮುನ್ನಾದಿನ ಸಂಜೆ ಧರ್ಣಪ್ಪ ಬಾವಿಕಟ್ಟೆಗೆ ಬಂದು, ಕೇಳದೆಯೇ ನಾಲ್ಕು ಕೊಡ ನೀರು ಸೇದಿಕೊಟ್ಟ. ಎರಡು ವರ್ಷದಲ್ಲಿ ಹಾಗೆ ಮಾಡುತ್ತಿದ್ದವನು ಅವನೊಬ್ಬನೇ.

"ನಾಳೆ ಗೆಲ್ಲಬೇಕು ಅಕ್ಕ," ಎಂದ. "ನಾನು ಒಂಬತ್ತು ವರ್ಷ ಗೂಡಿಗೆ ಬೆಂಕಿ ಹಾಕಿದವ. ಆ ಹೊಗೆಗೆ ಕೆಮ್ಮು ಶುರುವಾಗಿ ರಾತ್ರಿ ಮಲಗಲಿಕ್ಕೆ ಆಗ್ತಿರಲಿಲ್ಲ. ಆಟಕ್ಕೆ ಬಂದ ಮೇಲೆ ನಿಂತಿದೆ. ನೋಡಿ, ಇಷ್ಟು ಮಾತಾಡಿದೆ, ಒಮ್ಮೆ ಕೆಮ್ಮಿದೆನಾ?"

"ಇಲ್ಲ."

"ಗೂಡಿಗೆ ಮತ್ತೆ ಹೋಗುವುದು ಬೇಡ ಅಂತ ಉಂಟು."

ಕಾಂತಿ ಕೊಡ ಎತ್ತಿ ಸೊಂಟಕ್ಕಿಟ್ಟಳು.

ಒಳಗೆ ಶಶಿ ವಿಜ್ಞಾನದ ಪುಸ್ತಕಕ್ಕೆ ಹಳೆಯ ಪತ್ರಿಕೆಯ ಹೊದಿಕೆ ಹಾಕುತ್ತಿದ್ದಳು. ಅಂಟಿಗೆ ನಾಲ್ಕು ಅಗುಳು ಅನ್ನ ತೆಗೆದುಕೊಂಡಿದ್ದಳು.

"ಅಮ್ಮ, ನಾಳೆ ಗೆದ್ದರೆ ನಾನು ಸೋಮವಾರದಿಂದ ಶಾಲೆಗೆ ಹೋಗಲಿಕ್ಕಿಲ್ಲವಾ?"

"ಹೌದು."

"ಮತ್ತೆ ಈ ಹೊದಿಕೆ ಹಾಕುವುದಾ, ಬೇಡವಾ?"

ಕಾಂತಿ ಕೊಡ ಇಳಿಸಿದಳು. "ಹಾಕು," ಎಂದಳು.

ಮೂಡಬಿದಿರೆಯಲ್ಲಿ ಊಟಕ್ಕೆ ಜಾಗ ಸಿಕ್ಕಿದ್ದು ಬಸದಿಯ ಹಿಂದಿನ ಒಂದು ಮನೆಯ ಜಗಲಿಯಲ್ಲಿ. ಏಳು ಮಂದಿ ಸಾಲಾಗಿ ಕೂತರು. ಬಟ್ಟಲು ಇಡುವಾಗ ಮೈದಾನದ ಕಡೆಯಿಂದ ಯಾರೋ ಮುಂಡಪ್ಪನನ್ನು ಕರೆದರು. ಹೋಗುವಾಗ ಅವನು ತಿರುಗಿ ಹೇಳಿದ: "ಬಡಿಸಲಿಕ್ಕೆ ಶುರು ಮಾಡು. ಕ್ರಮ ಗೊತ್ತುಂಟಲ್ಲ?"

"ಗೊತ್ತುಂಟು."

ಅವನು ಮೂಲೆ ತಿರುಗಿದ. ಅಣ್ಣು ದನಿ ತಗ್ಗಿಸಿದ.

"ಕಾಂತಕ್ಕ, ಇವತ್ತು ಎಂತ? ಬೆಳ್ತಂಗಡಿಯ ಹಾಗೆ ತಿಳಿಯಾ, ಅನ್ನವಾ? ಅವತ್ತು ಮೈ ಹಗುರ ಇತ್ತು ಮಾರಾಯ್ರೆ. ಚಡ್ಡಿಯ ಮಾತು ನಾನು ಆಡಬಾರದಿತ್ತು, ಅದು ಬಿಡಿ. ಇವತ್ತು ನೀವು ಹೇಳಿದ ಹಾಗೆ."

ಕಾಂತಿ ಹಂಡೆಯ ಮುಚ್ಚಳ ತೆಗೆದಳು. ಮೇಲೆ ತಿಳಿ ನಿಂತಿತ್ತು, ಕೆಳಗೆ ಅನ್ನ ಕೂತಿತ್ತು. ಪಕ್ಕದಲ್ಲಿ ಮೂರು ಮೊಟ್ಟೆ, ಒಂದು ಅಚ್ಚು ಬೆಲ್ಲದ ಬಟ್ಟೆಗಂಟು. ಬೆಲ್ಲವನ್ನು ಬೆಳಿಗ್ಗೆ ಅವಳೇ ಕಟ್ಟಿಟ್ಟಿದ್ದಳು. ಯಾಕೆಂದು ಆಗ ಕೇಳಿಕೊಂಡಿರಲಿಲ್ಲ. ಸಾಲಿನ ಕೊನೆಯಲ್ಲಿ ಧರ್ಣಪ್ಪ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದ. ಅವಳನ್ನು ನೋಡಿ ಸ್ವಲ್ಪ ನಕ್ಕ. ಎದೆ ನಿಧಾನಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು.

ಅವಳು ಹುಡುಕಿದಳು, ಒಳಗೆ ಸಿಟ್ಟು ಉಂಟೋ ಎಂದು. ಭಯ ಉಂಟೋ ಎಂದು. ಯಾವುದೂ ಸಿಗಲಿಲ್ಲ. ಸೌಟು ಹಿಡಿದ ಕೈ ಮಾತ್ರ ಇತ್ತು.

"ಅವರ ಕ್ರಮದ ಹಾಗೆ," ಎಂದಳು. "ಹೋಗುವವರಿಗೆ ಅನ್ನ."

ಸೌಟನ್ನು ತಿಳಿಯೊಳಗೆ ಇಳಿಸಿ ತಳ ಮುಟ್ಟಿಸಿದಳು. ಅಣ್ಣುವಿನ ಬಟ್ಟಲಿಗೆ ಎರಡು ಸೌಟು ಗಟ್ಟಿ ಅನ್ನ, ಒಂದು ಮೊಟ್ಟೆ. ಉಳಿದ ಇಬ್ಬರಿಗೂ ಅಷ್ಟೇ. ಧರ್ಣಪ್ಪನ ಬಟ್ಟಲಿಗೆ ತಿಳಿ ಸುರಿದಳು. ಅವನು ಬಟ್ಟಲನ್ನು ನೋಡಿದ, ಅವಳ ಮುಖ ನೋಡಿದ.

"ಆಯ್ತಕ್ಕ, ಸಾಕು," ಎಂದ.

ಬೆಲ್ಲದ ಗಂಟನ್ನು ಬಿಚ್ಚದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಂತಿ ಸಾಲಿನ ಮೊದಲಿಗೆ ಮರಳಿದಳು. ಅಣ್ಣು ಅರ್ಧ ಉಂಡಿದ್ದ, ಸಾಕೆಂದು ಕೈ ಅಡ್ಡ ಹಿಡಿದ. ಅವಳು ಆ ಕೈಯನ್ನು ಸೌಟಿನ ಹಿಡಿಯಿಂದ ಮೆಲ್ಲಗೆ ಸರಿಸಿ, ಇನ್ನೊಂದು ಸೌಟು ಅನ್ನ ಹಾಕಿದಳು.