ಗಂಗಕ್ಕನ ದಿನಕ್ಕೆರಡು ಪುಟ

ನಾಗಪುರದ ನಮ್ಮ ಕನ್ನಡ ಸಂಘದಲ್ಲಿ ಪುಸ್ತಕ ಬಿಡುಗಡೆಗೆ ಯಾವತ್ತೂ ಜನರ ಕೊರತೆಯಾದದ್ದಿಲ್ಲ. ಅಧ್ಯಕ್ಷತೆ ವಹಿಸಲು ಒಬ್ಬರು, ಶಾಲು ಹೊದಿಸಲು ಇಬ್ಬರು, ವಂದನಾರ್ಪಣೆಗೆ ಒಬ್ಬರು, ಆಮೇಲೆ ಖಾರದ ಸಾರು ಸುರಿದ ಅವಲಕ್ಕಿ, ಇಲ್ಲಿಯವರ ತರ್ರಿ ಪೋಹೆ, ತಿನ್ನಲು ನೂರಿಪ್ಪತ್ತು ಮಂದಿ. ಪುಸ್ತಕ ಓದುವವರು ಮಾತ್ರ ಸಿಗುವುದಿಲ್ಲ. ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ದೊಡ್ಡವರಿಗೆ ಪುರುಸೊತ್ತಿಲ್ಲ. ಸಂಘದ ಕಾರ್ಯದರ್ಶಿಯಾಗಿ ನಾನು, ಅಂದರೆ ಉಮಾಪತಿ, ನಿವೃತ್ತ ಬ್ಯಾಂಕ್ ಅಧಿಕಾರಿ, ಹನ್ನೊಂದು ವರ್ಷದಲ್ಲಿ ಒಂಬತ್ತು ಪುಸ್ತಕಗಳಿಗೆ ಮುನ್ನುಡಿ ಬರೆದಿದ್ದೇನೆ. ಅವುಗಳಲ್ಲಿ ಎಷ್ಟನ್ನು ಓದಿದ್ದೀರಿ ಎಂದು ಒಬ್ಬ ನರಪಿಳ್ಳೆಯೂ ಕೇಳಿರಲಿಲ್ಲ. ಕೇಳಿದವಳು ನನ್ನ ಅಕ್ಕ ಗಂಗೂಬಾಯಿ ಒಬ್ಬಳೇ.

ಅಕ್ಕನಿಗೆ ಈಗ ಎಪ್ಪತ್ತೇಳು. ಹತ್ತೊಂಬತ್ತಕ್ಕೆ ಮದುವೆಯಾಗಿ ನರಗುಂದದಿಂದ ಇಲ್ಲಿಗೆ ಬಂದವಳು. ಭಾವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರು ಹೋಗಿ ಇಪ್ಪತ್ತು ವರ್ಷವಾಯಿತು. ನನ್ನ ಹೆಂಡತಿ ತೀರಿಕೊಂಡ ಮೇಲೆ ನಾನೂ ಅಕ್ಕನ ಮನೆಗೇ ಬಂದು ಸೇರಿದೆ. ಅಕ್ಕನನ್ನು ನಾನು ನೋಡಿಕೊಳ್ಳುತ್ತಿದ್ದೇನೆಂದು ನಾನು ಊರಿಗೆಲ್ಲ ಹೇಳುತ್ತೇನೆ. ಅವಳು ತಮ್ಮನನ್ನು ಸಾಕುತ್ತಿದ್ದೇನೆಂದು ಹೇಳುತ್ತಾಳೆ. ಊರು ಯಾರನ್ನು ನಂಬಿದೆಯೆಂದು ಕೇಳಲು ನಾನು ಹೋಗಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಕೂಲರಿನ ಮುಂದೆ ಕುರ್ಚಿ ಎಳೆದುಕೊಂಡು, ಭೂತಗನ್ನಡಿ ಹಿಡಿದು, ಅವಳು ಎರಡು ಪುಟ ಓದುತ್ತಾಳೆ. ಮೂರನೆಯದು ಓದುವುದಿಲ್ಲ. ಪತ್ತೇದಾರಿ ಕಥೆಯಿರಲಿ, ಪುರಾಣವಿರಲಿ, ಎರಡೇ. ಮುಂದೇನಾಯಿತೋ ಎಂಬ ಕುತೂಹಲವೇ ಇಲ್ಲವೇ ನಿನಗೆ ಎಂದರೆ, "ಮುಂದಿಂದು ಎಲ್ಲಿ ಓಡಿ ಹೊಕ್ಕೈತಿ? ನಾಳಿಗೂ ಅಲ್ಲೇ ಇರತೈತಿ" ಅನ್ನುತ್ತಾಳೆ. ಬೆಲೆ, ಮುದ್ರಕರ ವಿಳಾಸ, ಅರ್ಪಣೆ, ಏನನ್ನೂ ಬಿಡುವವಳಲ್ಲ.

ಈ ಚಟ ಅವಳಿಗೆ ಅಂಟಿದ್ದು ಕಾಗದ ಓದಿ ಓದಿ. ಅವಳು ಹೊಸದಾಗಿ ಬಂದ ಕಾಲದಲ್ಲಿ ಕಾಲೊನಿಯ ಎಷ್ಟೋ ಕನ್ನಡದ ಹೆಂಗಸರಿಗೆ ಓದು ಬರುತ್ತಿರಲಿಲ್ಲ. ತವರಿನಿಂದ ನೀಲಿ ಇನ್‌ಲ್ಯಾಂಡ್ ಬಂತೆಂದರೆ ಸೆರಗಿನಲ್ಲಿ ಮುಚ್ಚಿಕೊಂಡು ಅಕ್ಕನ ಅಡುಗೆಮನೆಗೆ ಬರುತ್ತಿದ್ದರು. ಒಮ್ಮೆ ಪಕ್ಕದ ಮನೆಯಾಕೆಗೆ ಬಂದ ಕಾಗದದಲ್ಲಿ ಎಲ್ಲರೂ ಕ್ಷೇಮ, ಎಮ್ಮೆ ಕರು ಹಾಕಿತು, ಮಳೆ ಚೆನ್ನಾಗಿದೆ ಎಂದಿತ್ತು. ಅಕ್ಕ ಓದಿ ಮಡಚಿ, "ಇವತ್ತಿನ ಗಾಡಿಗೇ ಹೋಗವ್ವ, ಅಪ್ಪಗ ಆರಾಮಿಲ್ಲ" ಎಂದಳು. ಹಾಗಂತ ಎಲ್ಲಿ ಬರೆದಿದೆ ಎಂದು ಆಕೆ ಗಾಬರಿಯಾದಳು. ಪ್ರತಿ ಸಲ ಕೊನೆಯಲ್ಲಿ ಇರುತ್ತಿದ್ದ 'ಅಪ್ಪನ ಆಶೀರ್ವಾದಗಳು' ಆ ಸಲ ಇರಲಿಲ್ಲ, ಅಷ್ಟೇ. ಆಕೆ ಹೋಗಿ ತಂದೆಯ ಬಾಯಿಗೆ ನೀರು ಬಿಟ್ಟು ಬಂದಳು.

ಇನ್ನು ಗೋವಿಂದರಾಜು ವಿಷಯ. ಮೈಸೂರು ಕಡೆಯವರು, ಐವತ್ತಾರು ವಯಸ್ಸು, ಖಾಪರಖೇಡಾದ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಹೆಂಡತಿ ಶೈಲಜಾ ಶಾಲೆಯಲ್ಲಿ ಟೀಚರ್, ಮಗ ನಿಖಿಲ್ ಇಂಜಿನಿಯರಿಂಗ್ ಓದುತ್ತಿದ್ದಾನೆ. ಸಂಘದಲ್ಲಿ ಕುರ್ಚಿ ಜೋಡಿಸುವುದು, ಮೈಕ್ ಸರಿ ಮಾಡುವುದು, ಕೊನೆಗೆ ಲೈಟು ಆರಿಸುವುದು, ಎಲ್ಲಾ ಅವರೇ. ಮಾತು ಮಾತ್ರ ತೂಕ ಮಾಡಿ ಆಡುವಷ್ಟು ಕಡಿಮೆ. ಇಂಥವರು ಕಳೆದ ವರ್ಷ ಇದ್ದಕ್ಕಿದ್ದಂತೆ ನೂರ ಎಂಬತ್ತು ಪುಟದ ಕಾದಂಬರಿ ತಂದು ನನ್ನ ಕೈಗಿತ್ತು ಮುನ್ನುಡಿ ಕೇಳಿದರು. ಹೆಸರು 'ಹದಿನೇಳನೇ ಅಲಾರಂ'. ಬೆನ್ನುಪುಟಕ್ಕೆಂದು ಅವರೇ ಒಂದು ಸಾಲು ಬರೆದಿಟ್ಟಿದ್ದರು: ಮನಸ್ಸಿನ ಆರೋಗ್ಯವನ್ನು ಶೋಧಿಸುವ, ಬಿರುಸಿನ ಥ್ರಿಲ್ಲರ್. ನಾನು ಆ ಒಂದು ಸಾಲನ್ನು ಹಿಗ್ಗಿಸಿ ನಾಲ್ಕು ಪುಟದ ಮುನ್ನುಡಿ ಮಾಡಿಕೊಟ್ಟೆ. ಸ್ವಲ್ಪ ಹೆಮ್ಮೆಯೂ ಆಗಿತ್ತು.

ಹುಬ್ಬಳ್ಳಿಯ ಪ್ರೆಸ್ಸಿನಿಂದ ಪುಸ್ತಕಗಳು ಸಂಕ್ರಾಂತಿಗೇ ಬಂದವು. ಬಿಡುಗಡೆಗೆ ಹಾಲ್ ಸಿಕ್ಕಿದ್ದು ಏಪ್ರಿಲ್ ಮಧ್ಯಕ್ಕೆ. ಒಂದು ಪ್ರತಿ ಅಕ್ಕನ ಕೈಸೇರಿತು. ಎರಡು ದಿನ ನನ್ನ ಮುನ್ನುಡಿ ಓದಿದವಳು, "ಉಮ್ಯಾ, ನೀ ಇದನ್ನ ಓದಿಲ್ಲ" ಎಂದಳು.

"ಏನಕ್ಕಾ ಹಂಗಂತೀ? ನಾಲ್ಕು ಪುಟ ಬರದೀನಲ್ಲ!"

"ನಾಲ್ಕು ಪುಟದಾಗ ಒಬ್ಬರ ಹೆಸರೂ ಇಲ್ಲಲ್ಲೋ. ಕಥಿಯೊಳಗಿನ ಮನಷ್ಯಾನ ಹೆಸರರ ಏನು, ಹೇಳು ನೋಡೂಣು."

ನನಗೆ ಚಹಾದ ನೆನಪಾಗಿ ಒಳಗೆ ಹೋದೆ.

ಆ ಮನುಷ್ಯನ ಹೆಸರು ವೇಣುಗೋಪಾಲ. ಅವನೂ ಕಂಟ್ರೋಲ್ ರೂಮಿನವನೇ. ಅಲ್ಲಿ ಏನಾದರೂ ಕೆಟ್ಟರೆ ಗೋಡೆಯ ಮೇಲೆ ದೀಪ ಮಿಣಮಿಣ ಅನ್ನುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಆಪರೇಟರ್ ಒಂದು ಗುಂಡಿ ಒತ್ತಿದರೆ ಸದ್ದು ನಿಲ್ಲುತ್ತದೆ. ಕೆಟ್ಟದ್ದು ಸರಿಯಾಗುವ ತನಕ ದೀಪ ಮಾತ್ರ ಆರುವುದಿಲ್ಲ. ವೇಣುಗೋಪಾಲನಿಗೆ ಈ ಅಲಾರಂ ಮನೆಯಲ್ಲೂ ಕೇಳಿಸತೊಡಗುತ್ತದೆ, ಸ್ನಾನದ ಮನೆಯಲ್ಲಿ, ತರಕಾರಿ ಸಂತೆಯಲ್ಲಿ. ಯಾರೋ ಬೆನ್ನು ಹತ್ತಿದ್ದಾರೆ. ಅಧ್ಯಾಯದಿಂದ ಅಧ್ಯಾಯಕ್ಕೆ ಅವನು ಓಡುತ್ತಾನೆ. ಬೆನ್ನಟ್ಟಿದವರ ಮುಖ ಎಲ್ಲೂ ಕಾಣುವುದಿಲ್ಲ. ಇಷ್ಟೂ ನನಗೆ ಗೊತ್ತಾದದ್ದು ಅಕ್ಕನ ಬಾಯಿಂದ, ದಿನಕ್ಕೆರಡು ಪುಟದ ಲೆಕ್ಕದಲ್ಲಿ.

ಫೆಬ್ರುವರಿಯಲ್ಲಿ ಗೋವಿಂದರಾಜು ಮನೆಗೆ ಬಂದಿದ್ದಾಗ ಅಕ್ಕ ತಟ್ಟೆಯಲ್ಲಿ ಮೊಸರನ್ನ ಕೊಟ್ಟಳು. ಅವರು ಚಮಚದಿಂದ ಆ ಕಡೆ ಈ ಕಡೆ ಸರಿಸಿ, "ತುಂಬಾ ಚೆನ್ನಾಗಿತ್ತಮ್ಮಾ, ಹೊಟ್ಟೆ ತುಂಬ್ತು" ಎಂದು ಕೈತೊಳೆದರು. ಅವರು ಹೋದ ಮೇಲೆ ಅಕ್ಕ ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಮೂವತ್ತೆಂಟನೇ ಪುಟದಾಗ ವೇಣುಗೋಪಾಲ ಬರೋಬರ್ ಹಿಂಗ ಮಾಡ್ಯಾನ. ತುತ್ತು ಬಾಯಿಗಿ ಹೋಗಿಲ್ಲ."

"ಅಕ್ಕಾ, ಅದು ಥ್ರಿಲ್ಲರ್!"

"ಹೂಂ, ಅದಕ್ಕ ನನ್ನ ಎದಿ ಹೊಡಕೊಳ್ಳಾಕತ್ತೈತಿ" ಎಂದು ತಟ್ಟೆ ಒಳಗೆ ಒಯ್ದಳು.

ಮಾರ್ಚ್ ಕೊನೆಗೆ ನಿಖಿಲ್ ಆಮಂತ್ರಣ ಪತ್ರಿಕೆ ಕೊಡಲು ಬಂದ. ಕೈಯಲ್ಲಿ ಅಪ್ಪನ ಹಳೆಯ ಗಡಿಯಾರ. ಅಕ್ಕ ಅವನ ಮಣಿಕಟ್ಟನ್ನೇ ನೋಡಿದಳು. "ಪಪ್ಪಾ ಖುದ್ ಕೊಟ್ರು, ಅಜ್ಜಿ. ಅವರಿಗೆ ಇನ್ನು ಬೇಡ ಅಂತೆ" ಎಂದ ಹುಡುಗ, ಖುಷಿಯಿಂದ. ಅಕ್ಕ ಒಳಗಿಂದ ಪುಸ್ತಕ ತಂದು ನೂರ ನಲವತ್ತನೇ ಪುಟ ತೆಗೆದು ಅವನ ಮುಂದಿಟ್ಟಳು. ಅವನು ಎರಡು ಪದ ಕೂಡಿಸಿ ಓದಿ, ನಕ್ಕು, ಪುಸ್ತಕ ವಾಪಸು ಕೊಟ್ಟ. ವೇಣುಗೋಪಾಲ ಮಗನಿಗೆ ಗಡಿಯಾರ ಕಟ್ಟುವ ಪುಟ ಅದು.

ಅವನು ಹೋದ ಮೇಲೆ ಅಕ್ಕ ನನ್ನ ಜೀವ ತಿಂದಳು. "ಹೋಗಿ ಬಾ ಅವರ ಮನೀಗೆ. ಎದುರಿಗೆ ಕುಂತು ಕೇಳು." ಬಿಸಿಲಿಗೆ ಯಾರು ಹೋಗುತ್ತಾರೆ? ಫೋನ್ ಮಾಡಿದೆ. ಎಲ್ಲ ಆರಾಮಾ ಎಂದೆ, ಆರಾಮ್ ಸಾರ್ ಎಂದರು. "ನೋಡಕ್ಕಾ, ಆರಾಮಂತ" ಎಂದು ಫೋನ್ ಕೆಳಗಿಟ್ಟೆ.

"ನೀನೂ ಗುಂಡಿ ಒತ್ತಿದಿ" ಎಂದಳು ಅಕ್ಕ.

ಅವಳೇ ಶೈಲಜಾಗೆ ಫೋನ್ ಹಚ್ಚಿದಳು. ಆಕೆ ಪರೀಕ್ಷೆಯ ಪೇಪರುಗಳ ರಾಶಿಯ ನಡುವೆ ಕೂತಿದ್ದಳು. "ಬರೆಯೋಕೆ ಶುರು ಮಾಡಿದ ಮೇಲೆ ತುಂಬಾ ಶಾಂತವಾಗಿದ್ದಾರಮ್ಮಾ. ನಾನಿನ್ನೂ ಓದಿಲ್ಲ, ರಜೆ ಬಂದ ಮೇಲೆ ನಿಧಾನಕ್ಕೆ ಓದು ಅಂದಿದ್ದಾರೆ" ಎಂದಳು. ಅಕ್ಕ ಫೋನಿಟ್ಟು ಪುಸ್ತಕವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಹೇಳಿದಳು: "ಉಮ್ಯಾ, ಇದು ಕಾದಂಬರಿ ಅಲ್ಲೋ. ಅಂವ ನಮಗೆಲ್ಲ ಕಾಗದ ಬರದಾನ. ಎಲ್ಲಾ ಕ್ಷೇಮ ಅಂತ ಬರದ ಕಾಗದ ನಾ ಭಾಳ ಓದೀನಿ." ವಯಸ್ಸಾಯಿತು, ಅರಳು ಮರಳು ಎಂದುಕೊಂಡೆ. ಈ ಮಾತನ್ನು ನಾನು ಇವತ್ತು ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ.

ಬಿಡುಗಡೆಯ ಭಾನುವಾರ ಬೆಳಿಗ್ಗೆ ಅವಳಿಗಿನ್ನೂ ಹತ್ತು ಪುಟ ಬಾಕಿಯಿತ್ತು. "ನೀ ಮುಂದ ನಡಿ, ನಾ ಬರತೀನಿ" ಎಂದು ಸ್ನಾನಕ್ಕೂ ಹೋಗದೆ ಭೂತಗನ್ನಡಿ ಹಿಡಿದು ಕುಳಿತಳು. ಐವತ್ತೆಂಟು ವರ್ಷದ ನೇಮ ಅವತ್ತು ಮುರಿಯಿತು. ನನಗೆ ಅದನ್ನು ಗಮನಿಸಲು ಸಮಯ ಎಲ್ಲಿ, ಹೂವಿನ ಹಾರ ಇನ್ನೂ ಬಂದಿರಲಿಲ್ಲ.

ಹನ್ನೊಂದೂವರೆಗೆ ಹಾಲ್ ತುಂಬಿತ್ತು. ಗೋವಿಂದರಾಜು ಮೊದಲ ಬಾರಿಗೆ ವೇದಿಕೆಯ ಮೇಲೆ ಕುಳಿತಿದ್ದರು, ಹೆಗಲ ಮೇಲೆ ಶಾಲು. ನಾನು ಮೈಕ್ ಹಿಡಿದು, "ಹಿಡಿದರೆ ಕೆಳಗಿಡಲಾಗದ ಕೃತಿ! ನಾನಂತೂ ಒಂದೇ ಉಸಿರಿಗೆ ಓದಿ ಮುಗಿಸಿದೆ!" ಎಂದು ಹೇಳುತ್ತಿದ್ದೆ. ಚಪ್ಪಾಳೆ ಬಿತ್ತು. ಆಗ ಬಾಗಿಲಲ್ಲಿ ಅಕ್ಕ ಕಾಣಿಸಿದಳು. ಕೂದಲು ಕೆದರಿತ್ತು, ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಪುಸ್ತಕ.

"ಉಮ್ಯಾ, ಕಡೀಕ ಏನಾಗತೈತಿ ಹೇಳು."

ನಾನು ನಕ್ಕೆ. "ಅಕ್ಕಾ, ಕುಂದ್ರು. ಸಸ್ಪೆನ್ಸ್ ಹೇಳಬಾರದು."

"ನಿನಗ ಗೊತ್ತಿದ್ರಲ್ಲ ಹೇಳಾಕ! ಇಲ್ಲಿ ಕುಂತ ನೂರು ಮಂದ್ಯಾಗ ಯಾರಿಗರ ಗೊತ್ತೈತೇನು?"

ಮುಂದಿನ ಸಾಲಿನವರು ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳತೊಡಗಿದರು. ಅವಳು ಕೋಲೂರಿಕೊಂಡು ವೇದಿಕೆ ಹತ್ತಿ ಗೋವಿಂದರಾಜು ಪಕ್ಕದ ಕುರ್ಚಿಯಲ್ಲಿ, ಇನ್ನೂ ಬಾರದ ಅಧ್ಯಕ್ಷರಿಗೆಂದು ಇಟ್ಟ ಕುರ್ಚಿಯಲ್ಲಿ, ಕುಳಿತಳು. ಅವರ ಮಣಿಕಟ್ಟು ಹಿಡಿದಳು, ಗಡಿಯಾರವಿಲ್ಲದ ಮಣಿಕಟ್ಟು.

"ವೇಣುಗೋಪಾಲಗ ಊರ ಮಂದಿ ಶಾಲು ಹೊದಿಸ್ತಾರ. ಎಲ್ಲಾರೂ ಉಣ್ಣಾಕ ಎದ್ದಾಗ ಅಂವ ಹಿಂದಿನ ಬಾಗಿಲಿಂದ ಹೊರಗ ಹೊಕ್ಕಾನ. ತಿರುಗಿ ಮನೀಗೆ ಬರಂಗಿಲ್ಲ. ಹೌದಲ್ಲೋ ತಮ್ಮಾ?" ಎಂದು ಕೇಳಿದಳು. "ನೀ ಇವತ್ತ ಎಲ್ಲಿಗೆ ಹೋಗಾಂವ ಇದ್ದಿ?"

ಗೋವಿಂದರಾಜು ಆ ಕೈಯನ್ನೇ ನೋಡಿದರು. ಪಕ್ಕದಲ್ಲೇ ನನ್ನ ಕೈಯಲ್ಲಿದ್ದ ಮೈಕ್ ಇನ್ನೂ ಆನ್ ಇತ್ತು, ಅದನ್ನು ಯಾವಾಗಲೂ ಆರಿಸುವವರು ಅವರೇ ಅಲ್ಲವೇ. ಹಾಗಾಗಿ ಅವರ ಸಣ್ಣ ದನಿ ಹಾಲಿಗೆಲ್ಲ ಕೇಳಿಸಿತು.

"ಯಾರಾದ್ರೂ ಓದ್ತಾರೆ ಅಂತ ನಾನು ಅಂದ್ಕೊಂಡಿರ್ಲಿಲ್ಲ ಅಮ್ಮಾ."

ಆಮೇಲೆ ಅವರು ಅತ್ತರು. ಎರಡನೇ ಸಾಲಿನಿಂದ ಶೈಲಜಾ ಓಡಿ ಬಂದಳು. "ಬೆಳಿಗ್ಗೆ ದೇವರ ಗೂಡಲ್ಲಿ ಗಾಡಿ ಕೀ, ಬ್ಯಾಂಕ್ ಕಾರ್ಡು, ಎಲ್ಲಾ ಇಟ್ಟಿದ್ರು. ಒಳ್ಳೇ ದಿನ ಅಂತ ಪೂಜೆಗಿಟ್ಟಿದ್ದಾರೆ ಅಂದ್ಕೊಂಡೆ ನಾನು" ಎನ್ನುತ್ತಾ ಅವರ ಇನ್ನೊಂದು ಕೈ ಹಿಡಿದಳು. ನಿಖಿಲ್ ಏನೂ ತಿಳಿಯದೆ ಗಡಿಯಾರ ಬಿಚ್ಚುತ್ತಾ ನಿಂತಿದ್ದ. ನಾನು ನನ್ನ ಭಾಷಣದ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಸಂಘದ ಖಜಾಂಚಿ ಗುಂಡಪ್ಪ ನನ್ನ ಕಿವಿಯ ಬಳಿ ಬಂದು, "ಏನ್ರೀ ನಿಮ್ಮಕ್ಕ! ಕ್ಲೈಮ್ಯಾಕ್ಸೇ ಹೇಳಿಬಿಟ್ರಲ್ಲ. ಇನ್ನು ಯಾರು ಓದ್ತಾರೆ?" ಎಂದ. ಅವನ ಚಿಂತೆ ಅವನಿಗೆ. ಪೋಹೆ ಅವತ್ತು ಖಾಲಿಯೇನೋ ಆಯಿತು.

ಅಕ್ಕ ಅವರ ಕೈ ಬಿಟ್ಟದ್ದು ರಾಮದಾಸಪೇಠದ ಆಸ್ಪತ್ರೆಯಲ್ಲಿ, ಮನೋವೈದ್ಯೆಯ ಕೋಣೆಯ ಬಾಗಿಲಲ್ಲಿ. ಡಾಕ್ಟರ್ ಮರಾಠಿಯವರು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದಾಗ ಗೋವಿಂದರಾಜು ಶೈಲಜಾಳ ಕಡೆ ನೋಡಿದರು. ಅಕ್ಕ ಬಾಗಿಲಿನಿಂದಲೇ ಪುಸ್ತಕವನ್ನು ಶೈಲಜಾಳ ಕೈಗೆ ಕೊಟ್ಟು, "ಮೊದಲನೇ ಪುಟದಿಂದ ಓದಿ ಹೇಳವ್ವಾ. ಮುನ್ನುಡಿ ಬಿಡು, ಅದರಾಗೇನಿಲ್ಲ" ಎಂದಳು.

ಈಗ ಆರು ತಿಂಗಳಾಯಿತು. ಮಾತ್ರೆ ನಡೆದಿದೆ, ಡಾಕ್ಟರ ಬಳಿ ಹೋಗಿಬರುವುದು ನಡೆದಿದೆ. ಕೆಲವು ದಿನ ಚಲೋ, ಕೆಲವು ದಿನ ಅಷ್ಟಕ್ಕಷ್ಟೆ. ಮೊಸರನ್ನ ಪೂರ್ತಿ ತಿನ್ನುತ್ತಾರೆ, ಏಕೆಂದರೆ ಅಕ್ಕ ಎದುರಿಗೆ ಕೂತಿರುತ್ತಾಳೆ. ಅವಳು ಅವರಿಗೊಂದು ಕೆಲಸವನ್ನೂ ಹಚ್ಚಿದ್ದಾಳೆ: "ವೇಣುಗೋಪಾಲನ್ನ ಹಿಂದಿನ ಬಾಗಿಲಿಂದ ಹೊರಗ ಹಾಕಿದಾಂವ ನೀ. ನೀನೇ ಮನೀಗೆ ತಂದು ಮುಟ್ಟಿಸು. ಜಲ್ದಿ ಏನಿಲ್ಲ, ದಿನಕ್ಕೆರಡು ಪುಟ." ಅವರು ಡ್ಯೂಟಿ ನೋಡಿಕೊಂಡು ಮಧ್ಯಾಹ್ನ ಬಂದು ಎರಡು ಪುಟ ಕೊಡುತ್ತಾರೆ, ಅವಳು ಓದುತ್ತಾಳೆ. ಅವಳು ಮುಗಿಸಿದ ಮೇಲೆ ನಾನೂ ಓದುತ್ತೇನೆ, ಪ್ರತಿಯೊಂದು ಅಕ್ಷರ.

ಬಿರುಸು ಗಿರುಸು ಏನೂ ಇಲ್ಲ ಬಿಡಿ. ಗುಂಡಪ್ಪ ಓದಿದರೆ ನಿದ್ದೆ ಹೋಗುತ್ತಾನೆ. ವೇಣುಗೋಪಾಲ ಒಂದು ಅಧ್ಯಾಯವಿಡೀ ಬೆಂಚಿನ ಮೇಲೆ ಕೂತು ಚಹಾ ಕುಡಿದ. ಮೂರು ವಾರದಿಂದ ಸೀತಾಬರ್ಡಿಯ ಪೇಟೆಯಲ್ಲಿದ್ದಾನೆ. ಓಡಿ ಓಡಿ ಚಪ್ಪಲಿ ಸವೆದಿತ್ತಲ್ಲ, ಹೊಸದು ಕೊಳ್ಳಲು ಚೌಕಾಸಿ ನಡೆಸಿದ್ದಾನೆ. ನಿನ್ನೆಯ ಎರಡನೇ ಪುಟದ ಕೊನೆಯಲ್ಲಿ ಖಾಲಿ ಮಣಿಕಟ್ಟು ನೋಡಿಕೊಂಡು ಅಂಗಡಿಯವನನ್ನು ಟೈಮ್ ಎಷ್ಟಾಯಿತು ಎಂದು ಕೇಳಿದ.