ಅಳಿಸಿಹೋದ ಗುರುತು

ಆ ಗುರುತು ನೀಲಿಯೋ ಕಪ್ಪೋ, ನನಗೀಗ ಖಚಿತವಿಲ್ಲ. ಗಜೇಂದ್ರಗಡದ ಕಣ್ಣಿನ ದವಾಖಾನೆಯಲ್ಲಿ, ಪೊರೆ ತೆಗೆಯಬೇಕಿದ್ದ ಕಣ್ಣಿನ ಹುಬ್ಬಿನ ಮೇಲೆ ಅದನ್ನು ಹಾಕಿದ್ದರು. ನನ್ನ ತಾಯಿಯ ತಾಯಿ, ನಾನಿ, ನಮಾಜಿಗೆಂದು ಮುಖ ತೊಳೆಯುವಾಗ ಅದನ್ನೂ ತಿಕ್ಕಿ ತೆಗೆದಿದ್ದಳು. ಆಪರೇಷನ್ ಕೋಣೆಯ ಬಾಗಿಲಲ್ಲೇ ನರ್ಸ್ ತಡೆದರು.

“ಯಾವ ಕಣ್ಣ್ರಿ ಅಮ್ಮಾ?”

“ಡಾಕ್ಟರಗ ಗೊತ್ತಿರ್ತೈತಿ ಬಿಡವಾ.”

“ಅವರಿಗೆ ಗೊತ್ತೈತ್ರಿ. ನೀವ ಹೇಳೂತನಕ ಒಳಗ ಬಿಡೂದಿಲ್ರಿ.”

ನಾನಿ ನಾಚುತ್ತ ಎಡಗಣ್ಣನ್ನು ತೋರಿಸಿದಳು. ಡಾಕ್ಟರೇ ಹೊರಬಂದು, ಕಾಗದ ನೋಡಿ, ಕಣ್ಣು ನೋಡಿ, ಮತ್ತೆ ಗುರುತು ಹಾಕಿದರು. ಕಾದು ಕುಳಿತವರು ಗೊಣಗಿದರೂ ಅವರು ಅವಸರ ಮಾಡಲಿಲ್ಲ.

ಈಗ ನಾನಿ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. “ಅವರು ಕೇಳಲಾರದನ ಬಲಗಣ್ಣಿಗೆ ಕೈ ಹಾಕಿದ್ರ, ನೀ ಬಾಯಿ ಬಿಡ್ತಿದ್ದ್ಯೇನ ನಾನಿ?” ಎಂದು ಕೇಳಿದೆ. ನಾನಿ ಸೂಜಿಯನ್ನು ಎಡಗಣ್ಣಿನ ಹತ್ತಿರ ಹಿಡಿದು ಇನ್ನೊಂದು ದಾರ ಪೋಣಿಸತೊಡಗಿದಳು.